ನಾಳೆ ಹೇಳಬೇಕಾದ ಮಾತು

ಮಾರ್ಚ್ 3, ಸೋಮವಾರ. ಸಂಜೆ 7.00

ನಾಳೆ ಹೇಳಬೇಕಾದ ಮಾತು:

ಅಂಗಡಿಯ ಕೌಂಟರಿನವಳಿಗೆ — "ಮಗಳ ಹುಟ್ಟುಹಬ್ಬ ಚೆನ್ನಾಗಾಯ್ತಾ? ಫೋಟೋ ತೋರಿಸಿ." (ತೋರಿಸಿದರೆ ಮೂರನೇ ಫೋಟೋಗೆ "ಅಯ್ಯೋ, ಎಷ್ಟು ಮುದ್ದಾಗಿದಾಳೆ!" ಮೊದಲನೆಯದಕ್ಕೇ ಹೇಳಿಬಿಟ್ಟರೆ ಆಮೇಲೆ ಹೇಳಲು ಏನೂ ಇರುವುದಿಲ್ಲ.)

ಅಂಗಡಿ ಯಜಮಾನರಿಗೆ — "ಸರ್, ಮಷಿನ್‌ನಿಂದ ನೀರು ಸೋರ್ತಿದೆ."

ಬಸ್ಸಿನಲ್ಲಿ ಪಕ್ಕದ ಮನೆಯವರು ಸಿಕ್ಕರೆ — "ಹ್ಞೂಂ, ಆಫೀಸಿಗೆ. ನೀವು?" ಕನ್ನಡಕದ ಅಂಗಡಿ ಎಂದರೆ ತಮ್ಮ ಕಣ್ಣಿನ ಕಥೆ ಶುರು ಮಾಡುತ್ತಾರೆ. ಆಫೀಸ್ ಎಂದರೆ ಯಾರೂ ಏನೂ ಕೇಳುವುದಿಲ್ಲ.

ಇವತ್ತು ಹದಿನಾಲ್ಕು ಜೊತೆ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸಿದೆ. ಮಷಿನ್ ಓಡುತ್ತಿರುವಾಗ ಹಿಂದಿನ ಕೋಣೆಗೆ ಯಾರೂ ಬರುವುದಿಲ್ಲ. ಆ ಸದ್ದಿಗೆ ನಾನು ಜನ್ಮವಿಡೀ ಋಣಿ. ಇಡೀ ದಿನದಲ್ಲಿ ಮಾತಾಡಿದ್ದು ಮೂರು ಸಲ. ಮೂರೂ ನಿನ್ನೆ ಬರೆದಿಟ್ಟದ್ದೇ.

ಮಾರ್ಚ್ 9, ಭಾನುವಾರ. ಸಂಜೆ 6.30

ಅಮ್ಮನ ಮನೆಗೆ ಹೋಗಿ ಬಂದೆ. 10.40ಕ್ಕೆ ತಲುಪುವ ಬಸ್, 4ಕ್ಕೆ ಹೊರಡುವ ಬಸ್. ಅಣ್ಣ ಎಂದಿನಂತೆ ಗೇಟಿನ ಹತ್ತಿರ, ಗಡಿಯಾರ ನೋಡುತ್ತಾ. ಎರಡು ನಿಮಿಷ ತಡವಾಗಿದ್ದಕ್ಕೆ ಮುಖ ತಿರುಗಿಸಿದ. ನ್ಯಾಯವೇ.

ಊಟಕ್ಕೆ ಕೂತಾಗ ಅಣ್ಣ ಇದ್ದಕ್ಕಿದ್ದಂತೆ, ಗೋಡೆ ನೋಡುತ್ತಾ — "ಪರವಾಗಿಲ್ಲ, ನೀವೆಲ್ಲ ಹೋಗಿ ಬನ್ನಿ, ನಂಗೆ ಸ್ವಲ್ಪ ತಲೆನೋವು."

ಅಮ್ಮ ಅನ್ನ ಬಡಿಸುತ್ತಾ, "ಶುರುವಾಯ್ತು ಸೀರಿಯಲ್ಲು. ಎರಡು ವರ್ಷ ಟಿವಿ ಕಿತ್ತು ಮಂಚದ ಕೆಳಗಿಟ್ಟಿದ್ದೆ, ಇವನ ಡೈಲಾಗ್ ಮಾತ್ರ ನಿಲ್ಲಲಿಲ್ಲ ನೋಡು" ಎಂದಳು. ನಾನೂ ನಕ್ಕೆ. ಮೂವತ್ತೆಂಟು ವರ್ಷದ ಅಣ್ಣ, ಸ್ವಂತ ಮಾತು ದಿನಕ್ಕೆ ಹತ್ತು ಬಂದರೆ ಹೆಚ್ಚು. ಉಳಿದದ್ದೆಲ್ಲ ಎಲ್ಲೋ ಕೇಳಿದ್ದು.

ಅಣ್ಣ ಹೋಗುವ ಸೆಂಟರಿನ ಮೇಡಂ ನನ್ನ ಹೆಸರಿಗೆ ಒಂದು ಕವರ್ ಕಳಿಸಿದ್ದಾರೆ. ಆಟಿಸಂ ಇರುವವರ ಒಡಹುಟ್ಟಿದವರ ಬಗ್ಗೆ ಅಧ್ಯಯನವಂತೆ. ಆಟಿಸಂ ಇಲ್ಲದಿದ್ದರೂ ಒಂದೆರಡು ಲಕ್ಷಣ ಅವರಲ್ಲೂ ಇರಬಹುದು, ಅದು ಕಾಯಿಲೆ ಅಲ್ಲ, ಗಾಬರಿ ಬೇಡ, ಜೊತೆಗಿರುವ ಎರಡು ಫಾರಂ ತುಂಬಿಸಿ 31ರೊಳಗೆ ಕೊಡಿ ಅಂತ ಚೀಟಿ.

ಗಾಬರಿ ಬೇಡ ಎಂದು ಬರೆದದ್ದನ್ನು ಓದಿಯೇ ಗಾಬರಿ ಆಯಿತು.

ಮಾರ್ಚ್ 11, ಮಂಗಳವಾರ. ಊಟದ ಬಿಡುವು

ಮೊದಲನೇ ಫಾರಂ ತುಂಬಿಸಿದೆ. ನಲವತ್ತು ಪ್ರಶ್ನೆ. "ಹಾಕಿಕೊಂಡ ಯೋಜನೆ ಕೊನೆಗಳಿಗೆಯಲ್ಲಿ ಬದಲಾದರೆ ನಿಮಗೆ ಕಷ್ಟವಾಗುತ್ತದೆಯೇ?" ಎಲ್ಲರಿಗೂ ಆಗುತ್ತದೆ ಎಂದುಕೊಂಡಿದ್ದೆ. "ಯಾರ ಜೊತೆಗಾದರೂ ಮಾತಾಡುವ ಮೊದಲು ಅಭ್ಯಾಸ ಮಾಡಿಕೊಳ್ಳುತ್ತೀರಾ?" ಇದನ್ನು ಓದಿ, ಯಾರೋ ನನ್ನ ಕಪಾಟು ತೆರೆದಂತೆ, ಸುತ್ತ ನೋಡಿದೆ. ಮಷಿನ್ ಬಿಟ್ಟರೆ ಯಾರೂ ಇಲ್ಲ.

ನಲವತ್ತರಲ್ಲಿ ಇಪ್ಪತ್ತಾರಕ್ಕೆ ಹೌದು.

ಎರಡನೇ ಫಾರಂ ಇನ್ನೂ ಕಷ್ಟ. ಅದೇ ಪ್ರಶ್ನೆಗಳು. ಆದರೆ ತುಂಬಿಸಬೇಕಾದವರು "ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು."

ಬರೀ ಒಬ್ಬರು. ಆದರೂ ಅಲ್ಲೇ ನಿಂತಿದೆ.

ಮಾರ್ಚ್ 16, ಭಾನುವಾರ

ನಿನ್ನೆಯೇ ಬರೆದಿಟ್ಟಿದ್ದೆ: "ಅಮ್ಮಾ, ಒಂದು ಸಣ್ಣ ಕೆಲಸ. ಟಿಕ್ ಹಾಕೋದಷ್ಟೆ." ಹಾಗೇ ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು (ನಾನೇ ಕೂರಿಸಿದ ಲೆನ್ಸ್) ಮೊದಲ ಪುಟ ಓದಿದಳು. ಮಡಚಿ ನನ್ನ ಮುಂದಿಟ್ಟಳು.

"ಇದನ್ನ ನನ್ನ ಹತ್ರ ತರಬೇಡ."

"ಕಾಯಿಲೆ ಏನಲ್ಲ ಅಮ್ಮ, ಅವರೇ ಬರೆದಿದಾರೆ..."

"ನಿಂಗೇನೂ ಇಲ್ಲ. ನೀನೊಬ್ಬಳಾದ್ರೂ ಸರಿಯಿದೀಯ ಅಂತ್ಲೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದು."

ಮುಂದಿನ ಮಾತು ಬರೆದಿಟ್ಟಿರಲಿಲ್ಲ. ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

'ನೀನೊಬ್ಬಳಾದ್ರೂ ಸರಿಯಿದೀಯ' ಅನ್ನುವ ಮಾತು ಮೊದಲ ಸಲ ಕೇಳಿದಾಗ ನನಗೆ ಆರೋ ಏಳೋ. ಅಣ್ಣ ಅಂಗಡಿಯೊಂದರಲ್ಲಿ ನೆಲಕ್ಕೆ ಬಿದ್ದು ಕಿರುಚುತ್ತಿದ್ದ. ಅಲ್ಲಿನ ಟ್ಯೂಬ್‌ಲೈಟಿನ ಗುಂಯ್ ಸದ್ದು ನನಗೂ ಹಲ್ಲು ಕಚ್ಚುವಷ್ಟು ಹಿಂಸೆ. ಆದರೆ ಅಮ್ಮ ನನ್ನ ತಲೆ ಸವರಿ ಆ ಮಾತು ಹೇಳಿದಳು. ಅಂದಿನಿಂದ ಸರಿಯಿರುವುದೇ ನನ್ನ ಕೆಲಸ. ರಜೆಯಿಲ್ಲದ ಕೆಲಸ.

ಅಣ್ಣನ ಪಕ್ಕದ ಕೋಣೆ ನನ್ನದಾಗಿತ್ತು. ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ನಾಳೆಯ ಮಾತು ಹೇಳಿಕೊಳ್ಳುತ್ತಿದ್ದೆ. ಅಮ್ಮನಿಗೆ ಓದುತ್ತಿದ್ದಾಳೆ ಅಂತ ಖುಷಿ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ

ಕೌಂಟರಿನವಳನ್ನು ಕೇಳಿದೆ. ಐದು ವರ್ಷದಿಂದ ಒಂದೇ ಕಿಟಕಿಯಲ್ಲಿ ಅವಳು ಫ್ರೇಮ್ ಕೊಡುತ್ತಾಳೆ, ನಾನು ಲೆನ್ಸ್ ಕೂರಿಸಿ ಹಿಂದಕ್ಕೆ ಕೊಡುತ್ತೇನೆ. ಒಳ್ಳೆಯ ಹೆಂಗಸು. ಪೆನ್ನು ಹಿಡಿದು ಕೂತೇ ಬಿಟ್ಟಳು. ಒಂದನೇ ಪ್ರಶ್ನೆ, ಎರಡನೇ ಪ್ರಶ್ನೆ... ಆರನೆಯದಕ್ಕೆ ಪೆನ್ನು ಕೆಳಗಿಟ್ಟಳು.

"ತಪ್ಪು ತಿಳ್ಕೋಬೇಡಿ ಅಕ್ಕ. ನೀವು ದಿನಾ ನನ್ನ ಮಗಳ ಬಗ್ಗೆ ವಿಚಾರಿಸ್ತೀರ, ನನ್ನ ಕಾಲುನೋವು ವಿಚಾರಿಸ್ತೀರ. ನಿಮ್ಮ ಬಗ್ಗೆ ನಂಗೆ... ಏನೂ ಗೊತ್ತೇ ಇಲ್ವಲ್ಲ!"

ಅವಳಿಗೇ ಆಶ್ಚರ್ಯ. "ಪರವಾಗಿಲ್ಲ, ಬಿಡಿ" ಎಂದು ನಕ್ಕೆ. ಮಷಿನ್ ಹಾಕಿದೆ. ಒಂದು ಲೆನ್ಸ್ ಮೂಲೆ ಒಡೆಯಿತು. ವರ್ಷದಲ್ಲಿ ಮೊದಲನೆಯದು.

ಒಂಟಿತನ ಅಂದರೆ ಯಾರೂ ಇಲ್ಲದಿರುವುದು ಎಂದುಕೊಂಡಿದ್ದೆ. ಎಲ್ಲರಿಗೂ ನಾನು ಬೇಕಾದವಳೇ. ಅವರಿಗೆ ಸಿಕ್ಕಿರುವುದು ಬರೆದಿಟ್ಟ ಮಾತು ಮಾತ್ರ. ನಾನು ಯಾರಿಗೂ ಸಿಕ್ಕಿಲ್ಲ, ಅದು ನನ್ನದೇ ಕೈವಾಡ. ಈಗ ಅಳು ಬರುತ್ತಿದೆ. ಬಿಡುವು ಮುಗಿಯಲು ನಾಲ್ಕು ನಿಮಿಷ ಇದೆ, ಅಷ್ಟರಲ್ಲಿ ಅತ್ತುಬಿಡಬೇಕು.

ಮಾರ್ಚ್ 23, ಭಾನುವಾರ. ಸಂಜೆ

ಅಮ್ಮ ಆ ವಿಷಯ ಎತ್ತಲಿಲ್ಲ. ನಾನೂ ಇಲ್ಲ. ಫಾರಂ ಬ್ಯಾಗಿನಿಂದ ಇಣುಕುತ್ತಿತ್ತು. ಊಟವಾದ ಮೇಲೆ ನೋಡುತ್ತೇನೆ — ಅಣ್ಣ ಅದನ್ನು ಎಳೆದುಕೊಂಡು, ಪೆನ್ಸಿಲ್ ಹಿಡಿದು, ಮೈಯೆಲ್ಲ ಬಗ್ಗಿಸಿ ಕೂತಿದ್ದಾನೆ. ಖಾಲಿ ಚೌಕ ಕಂಡರೆ ಅವನಿಗೆ ಆಗದು. ಕ್ಯಾಲೆಂಡರ್, ಹಳೆಯ ಬಿಲ್ಲು, ಏನಾದರೂ ಸರಿ, ತುಂಬಬೇಕು. ಹೇಗೂ ಆ ಫಾರಂಗೆ ಗತಿಯಿಲ್ಲ, ತುಂಬಿಸಲಿ ಎಂದು ಬಿಟ್ಟೆ. ಹೊರಡುವಾಗ ನಾಲ್ಕಾಗಿ ಮಡಚಿ ಬ್ಯಾಗಿಗೆ ತುರುಕಿದ.

ಬಸ್ಸಿನಲ್ಲಿ ಬಿಡಿಸಿದೆ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 6.15

ಮೂರು ದಿನ ಏನೂ ಬರೆಯಲಾಗಲಿಲ್ಲ. ನಾಳೆಯ ಮಾತೂ ಇಲ್ಲ. ಸೋಮವಾರ ಕೌಂಟರಿನವಳು "ಏನಾಯ್ತು ಅಕ್ಕ?" ಎಂದದ್ದಕ್ಕೆ ಸುಮ್ಮನೆ ತಲೆ ಅಲ್ಲಾಡಿಸಿದೆ. ಪ್ರಪಂಚವೇನೂ ಮುಳುಗಲಿಲ್ಲ.

ಅಣ್ಣ ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ. ಅವನು ಟಿಕ್ ಹಾಕಿಲ್ಲ. ಬರೆದಿದ್ದಾನೆ.

ನಿಮಗೂ ಅವರಿಗೂ ಸಂಬಂಧ: ಅಣ್ಣ.

ಎಷ್ಟು ಕಾಲದಿಂದ ಬಲ್ಲಿರಿ: ಹುಟ್ಟಿದ ದಿನದಿಂದ. ಮಂಗಳವಾರ.

ಬಟ್ಟೆಯ ಸ್ಪರ್ಶದಿಂದ ಕಿರಿಕಿರಿ ಆಗುತ್ತದೆಯೇ: ಕಾಲರ್ ಲೇಬಲ್ ಕತ್ತರಿಸುತ್ತಾಳೆ. ನನ್ನದೂ ಅವಳೇ. ಅಮ್ಮ ಕತ್ತರಿಸಿದರೆ ತುದಿ ಉಳಿಯುತ್ತೆ.

ಗುಂಪಿನಲ್ಲಿ ಆರಾಮವಾಗಿರುತ್ತಾರೆಯೇ: ನೆಂಟರು ಬಂದರೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಕೂರುತ್ತಾಳೆ. ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ. ಯಾರನ್ನೂ ಬಿಡುವುದಿಲ್ಲ.

(ನೆಂಟರೆಲ್ಲ ಬಾತ್‌ರೂಮಿನ ಬಾಗಿಲು ಬಿಡದ ಹುಡುಗ ಅಂತ ಅವನನ್ನೇ ಬೈಯುತ್ತಿದ್ದರು. ನಾನು ಒಳಗೇ ಕೂತು ಕೇಳಿಸಿಕೊಳ್ಳುತ್ತಿದ್ದೆ.)

ಸ್ನೇಹಿತರು ಇದ್ದಾರೆಯೇ: ಇದ್ದಾರೆ. ಭಾನುವಾರ 10.40ರಿಂದ 4.

ಮಾತಾಡುವ ಮೊದಲು ಅಭ್ಯಾಸ ಮಾಡಿಕೊಳ್ಳುತ್ತಾರೆಯೇ: ಇಲ್ಲಿ ಚೌಕ ಸಾಲದೆ ಅಂಚಿಗೆ, ಅಂಚು ಸಾಲದೆ ಹಾಳೆಯ ಹಿಂಬದಿಗೆ ಹೋಗಿದ್ದಾನೆ.

"ಮಿಸ್, ನಂಗೆ ಹೊಟ್ಟೆನೋವು, ಮನೆಗೆ ಹೋಗ್ಬಹುದಾ." ಐದನೇ ಕ್ಲಾಸು.

"ಪರವಾಗಿಲ್ಲ, ನೀವೆಲ್ಲ ಹೋಗಿ ಬನ್ನಿ, ನಂಗೆ ಸ್ವಲ್ಪ ತಲೆನೋವು." ಒಂಬತ್ತನೇ ಕ್ಲಾಸು, ಟೂರ್.

"ಇಲ್ಲ ನಂಗೇನೂ ಬೇಜಾರಿಲ್ಲ, ನಿಮಗೆ ಒಳ್ಳೇದಾಗ್ಲಿ." ಏಳು ಸಲ.

ಹೀಗೆ ಮೂವತ್ತೊಂದು ಸಾಲು. ಕೊನೆಯಲ್ಲಿ: ಗೋಡೆ ಆಚೆ ಕೇಳುತ್ತೆ. ನಾನೂ ಹೇಳಿಕೊಳ್ಳುತ್ತೇನೆ. ಅವಳು ಮರೆತರೆ ಬೇಕಲ್ಲ.

ಆ ಏಳು ಸಲದ ಮಾತು ಯಾರಿಗೆ ಅಂತ ಇಲ್ಲೂ ಬರೆಯುವುದಿಲ್ಲ. ಹೆಣ್ಣು ನೋಡಲು ಬಂದು, ನನ್ನನ್ನು ಒಪ್ಪದೆ ಹೋದವನು. ಏಳು ಸಲ ಅಭ್ಯಾಸ ಮಾಡಿ ಫೋನಿನಲ್ಲಿ ಒಂದೇ ಸಲ, ಒಂದೂ ಅಕ್ಷರ ನಡುಗದಂತೆ ಹೇಳಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ.

ಸೀರಿಯಲ್ ಅಲ್ಲ. ಒಂದೇ ಒಂದು ಸಾಲೂ ಸೀರಿಯಲ್ಲಿನದಲ್ಲ.

ಮಾರ್ಚ್ 29, ಶನಿವಾರ. ಸಂಜೆ 5.40

ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ.

ಅಮ್ಮ "ಸುಮ್ಸುಮ್ನೆ ಟಿವಿ ಕಿತ್ತಿಟ್ಟೆ ಕಣೆ" ಎಂದಳು. ಆಮೇಲೆ ಮೂಗೆಳೆದುಕೊಂಡ ಸದ್ದು. "ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ ನೀನು?"

"ಸರಿಯಿರಬೇಕಿತ್ತಲ್ಲ ಅಮ್ಮ."

ಇದು ಬರೆದಿಟ್ಟ ಮಾತಲ್ಲ. ತಾನಾಗಿ ಬಂತು. ಅಮ್ಮ ಅತ್ತಳು, ನಾನೂ ಅತ್ತೆ, ಈ ಸಲ ಗಡಿಯಾರ ನೋಡಲಿಲ್ಲ. ಕೊನೆಗೆ, "ಫಾರಂ ಕೊಟ್ಬಿಡು. ಅವನು ಬರೆದಿದ್ದನ್ನೇ ಕೊಡು. ನಂಗೆ ಅಷ್ಟೆಲ್ಲ ಗೊತ್ತಿರ್ಲಿಲ್ಲ" ಎಂದಳು.

ನಾಳೆ ಭಾನುವಾರ. ಹತ್ತು ಮುಕ್ಕಾಲಿಗಿಂತ ಐದು ನಿಮಿಷ ಮೊದಲು ಅವನು ಗೇಟಿನ ಹತ್ತಿರ ಇರುತ್ತಾನೆ.

ಈ ಪುಸ್ತಕದ ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಹಳೆಯ ಪುಸ್ತಕಗಳನ್ನೂ ತೆಗೆದೆ. ಟೀಚರಿಗೆ, ಯಜಮಾನರಿಗೆ, ಡಾಕ್ಟರಿಗೆ, ಕಂಡಕ್ಟರಿಗೆ, ಅಮ್ಮನಿಗೆ. ಅಣ್ಣನಿಗೆಂದು ಒಂದು ಸಾಲೂ ಇಲ್ಲ. ಅವನ ಹತ್ತಿರ ಬೇಕಾಗಿರಲೇ ಇಲ್ಲ, ಅದು ಇವತ್ತು ಗೊತ್ತಾಯಿತು. ಆದರೆ ನಾಳೆಗೆ ಒಂದು ಬೇಕು.

ನಾಳೆ ಹೇಳಬೇಕಾದ ಮಾತು:

ಅಣ್ಣನಿಗೆ — "ಅಣ್ಣಾ, ಬಾತ್‌ರೂಮಿನ ಬಾಗಿಲ ಹತ್ರ ನೀನು ನಂಗೋಸ್ಕರ ನಿಂತು ಬೈಸ್ಕೊಳ್ತಿದ್ದೆ, ನಾನು ಒಳಗೇ ಕೂತು ಕೇಳಿಸ್ಕೊಳ್ತಿದ್ದೆ. ತಪ್ಪಾಯ್ತು."