ಹತ್ತಿ ತುರುಕಿದ ಡಬ್ಬಿ

ಅಕೆಯೊ, ಸರೋವರದ ದಡದ ಹೋಮಾ ಬೇ ಸಂತೆಯ ಮೂಲೆಯಲ್ಲಿ ಕೂತು ನಿನ್ನ ಅತ್ತೆ ಬರೆಯುತ್ತಿರುವ ಪತ್ರವಿದು.

ಅತ್ತೆ ಅನ್ನುವ ಹೆಸರು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾವ ಹೆಸರೂ ಕೈಗೆ ಬರಲಿಲ್ಲ, ಅಷ್ಟೇ. ಇದನ್ನು ತರುವ ಗಡಿಗೆ ಮಾರುವವಳಿಗೆ ಓದಲು ಬರುವುದಿಲ್ಲ. ಅದಕ್ಕೇ ಅವಳನ್ನು ಆರಿಸಿದೆ.

ನನ್ನ ಕಸುಬು ನಿನಗೆ ಗೊತ್ತು. ಯಾವುದೋ ದೇಶದ ಮಕ್ಕಳು ತೊಟ್ಟು ಬಿಟ್ಟ ಅಂಗಿಗಳ ಮೂಟೆ ಬಿಚ್ಚಿ ಇಲ್ಲಿಯ ಮಕ್ಕಳಿಗೆ ಮಾರುವವಳು ನಾನು. ಮೊಣಕೈಯ ಸವೆತ ನೋಡಿ ಎಷ್ಟು ಮಕ್ಕಳು ತೊಟ್ಟ ಅಂಗಿ ಎಂದು ಹೇಳಬಲ್ಲೆ. ಒಂದು ಮೂಟೆಯಲ್ಲಿ ಪಕ್ಕೆ ಹರಿದ ಬಟ್ಟೆಯ ಮೊಲ ಬಂದಿತ್ತು, ನೆನಪಿದೆಯಲ್ಲ? ನೀನು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಅದು ಸೊರಗತೊಡಗಿತು. ನಿನ್ನ ಹೊಟ್ಟೆ ಏರುತ್ತಿತ್ತು, ಅದರ ಹೊಟ್ಟೆ ಇಳಿಯುತ್ತಿತ್ತು. ಇಲಿಯ ಕಾಟ ಎಂದುಕೊಂಡೆ. ಒಂದು ಬೆಳಗ್ಗೆ ನಿನ್ನ ಚೀಲದ ಬಾಯಲ್ಲಿ ಹತ್ತಿಯ ಎಳೆ ಕಂಡಿತು. ಕೈ ಹಾಕಿದೆ. ಬಿಳಿ ಡಬ್ಬಿ ಸಿಕ್ಕಿತು. ಸದ್ದಾಗದಿರಲೆಂದು ನೀನು ತುರುಕಿದ ಹತ್ತಿಯೇ ನಿನ್ನನ್ನು ಹಿಡಿದುಕೊಟ್ಟಿತು.

ಆ ಡಬ್ಬಿಯ ಸದ್ದು ನನಗೆ ಹೊಸದಲ್ಲ. ನಿನ್ನ ಮಾವ ಸಾಯುವ ಮುಂಚೆ ನಾಲ್ಕು ವರ್ಷ ಎಚ್‌ಐವಿಗೆಂದು ಅಂಥದ್ದೇ ಡಬ್ಬಿಯಿಂದ ಮಾತ್ರೆ ನುಂಗಿದರು. ಗಲಗಲ ಸದ್ದು ಕೇಳಿದರೆ ನಮ್ಮವರು ಏನೂ ಕೇಳುವುದಿಲ್ಲ, ಸುಮ್ಮನೆ ಕುರ್ಚಿ ಅತ್ತ ಎಳೆದುಕೊಳ್ಳುತ್ತಾರೆ. ನನಗೆ ಆ ಕಾಯಿಲೆ ತಗಲಲಿಲ್ಲ. ಅದು ನನ್ನ ಜಾಣತನವಲ್ಲ, ಹಣೆಬರಹ.

"ಯಾವಾಗಿಂದಾನೇ ಇದು ನಿಂಗೆ?" ಎಂದು ಕೇಳಿದೆ.

"ಬಂದಿಲ್ಲ ಅತ್ತೆ. ಬರಬಾರ್ದು ಅಂತ ತಗೊಳ್ಳೋದು. ದಿನಕ್ಕೊಂದು. ನಂಗೂ ಆಯ್ತು, ಒಳಗಿರೋದಕ್ಕೂ ಆಯ್ತು" ಎಂದೆ ನೀನು.

"ಜ್ವರ ಬರೋ ಮುಂಚೆನೇ ಕಷಾಯ ಕುಡೀತಾರೇನೇ? ನನ್ಮಗನ ಮೇಲೆ ಅನುಮಾನ ಅನ್ನು."

"ಅವರ ಮೇಲಲ್ಲ ಅತ್ತೆ, ಈ ನೀರಿನ ಮೇಲೆ. ಮೀನು ಹೋದ ಕಡೆಯೆಲ್ಲ ಹೋಗ್ತಾರೆ. ನಾನೇನು ದೋಣೀಲಿ ಕೂತಿರ್ತೀನಾ?"

ನಾನು ಡಬ್ಬಿಯ ಮುಚ್ಚಳ ಬಿಗಿದು ನಿನ್ನ ಕೈಗೇ ಹಿಂತಿರುಗಿಸಿದೆ. ಮರುದಿನ ನೀನೇ ನನ್ನನ್ನು ಬಸುರಿಯರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆ ಬೆಂಚಿನ ಮೇಲಿದ್ದ ನಿನ್ನ ವಯಸ್ಸಿನ ಹುಡುಗಿಯರ ಮಾತು ಇನ್ನೂ ಕಿವಿಯಲ್ಲಿದೆ. ಒಬ್ಬಳು, "ನನ್ ಗಂಡಂಗೆ ಇದು ರಕ್ತ ಹೆಚ್ಚಾಗೋ ಮಾತ್ರೆ ಅಂದಿದೀನಿ. ಹಂಗಾದ್ರೆ ನಂಗೂ ಎರಡು ಕೊಡು ಅಂದ" ಎಂದಳು. ಬೆಂಚೆಲ್ಲ ನಕ್ಕಿತು. ಇನ್ನೊಬ್ಬಳು ನಗಲಿಲ್ಲ. "ನುಂಗಿದ್ರೆ ವಾಂತಿ, ಮಗೂಗೇನಾಗುತ್ತೋ ಅಂತ ಭಯ. ನುಂಗ್ದೆ ಇದ್ರೆ ಇನ್ನೊಂದು ಭಯ. ಯಾವ್ದು ಸಣ್ಣದೋ ಅದನ್ನ ಇಟ್ಕೊಂಡಿದೀನಿ" ಎಂದಳು. ನರ್ಸಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಇದು ಕಾಯಿಲೆಯವರ ಮಾತ್ರೆಯಲ್ಲ, ಕಾಯಿಲೆ ತಗಲದ ಹಾಗೆ ಕಾಯುವ ಮಾತ್ರೆ, ಮಗುವಿಗೂ ಕೇಡಿಲ್ಲ ಎಂದರು. ನನಗೆ ಅರ್ಥವಾಯಿತು, ಅಕೆಯೊ. ಅರ್ಥವಾಗಲಿಲ್ಲವೆಂದು ಸುಳ್ಳು ಹೇಳಲು ಈ ಪತ್ರ ಬರೆಯುತ್ತಿಲ್ಲ.

ಅರ್ಥವಾದ ಮೇಲೂ ಮನೆಗೆ ಬಂದು ಹೇಳಿದೆ: "ಭಾನುವಾರ ನಿನ್ ಗಂಡ ಒಮೊಲೊ ಬರ್ತಾನೆ. ಈ ಡಬ್ಬಿ ಕಣ್ಣಿಗೆ ಬಿದ್ರೆ ನಿನ್ನ ಸಂಸಾರ ಉಳಿಯಲ್ಲ. ನಂಗೆ ಕೊಡು." ನೀನು ಚೀಲದಿಂದ ತೆಗೆದು ಕೊಟ್ಟುಬಿಟ್ಟೆ. ದೊಡ್ಡವರ ಮಾತು ಮೀರದ ಹುಡುಗಿ. ನಾನು ಅದನ್ನು ಮೂಟೆಯ ತಳದಲ್ಲಿ ಹೂತೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಅದಕ್ಕೂ ಎರಡು ತಿಂಗಳ ಮುಂಚೆ ಒಮೊಲೊ ತಾನು ಮೀನು ಹಿಡಿಯುವ ದ್ವೀಪದಿಂದ ತೊಟ್ಟು ಬಂದ ಅಂಗಿಯಲ್ಲಿ ಒಂದು ಗುಂಡಿಯನ್ನು ಯಾರೋ ನೀಲಿ ದಾರದಿಂದ ಹೊಲಿದಿದ್ದರು, ಅಡ್ಡಡ್ಡ ಹೊಲಿಗೆ. ನಿನ್ನ ಕೈ ಹಾಗೆ ಹೊಲಿಯುವುದಿಲ್ಲ, ನನ್ನದೂ ಇಲ್ಲ, ಅವನಿಗಂತೂ ಸೂಜಿ ಹಿಡಿಯಲು ಬರುವುದಿಲ್ಲ. ನೀನು ನೋಡುವ ಮುಂಚೆ ಆ ಗುಂಡಿ ಕಿತ್ತು ಬಿಳಿ ದಾರದಲ್ಲಿ ಹೊಲಿದುಬಿಟ್ಟೆ. ಮಗನ ಮಾನ ಮುಚ್ಚಿದೆನೆಂದುಕೊಂಡೆ.

ಎಂಟನೇ ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಇದೆಯೆಂದು ಬಂತು. ಹಿರಿಯರು ಮಾವಿನ ಮರದ ಕೆಳಗೆ ಸೇರಿದರು. "ಮೊದಲಿಂದ್ಲೂ ಇತ್ತು ಇವಳಿಗೆ. ಡಬ್ಬಿ ಬಚ್ಚಿಟ್ಕೊಂಡಿದ್ಲಂತೆ. ಕೇಳಿ ನಮ್ಮಮ್ಮನ್ನ" ಎಂದ ಒಮೊಲೊ. ಮಗನ ಮೇಲೆ ತಪ್ಪು ಬರಬಾರದೆಂದು ಡಬ್ಬಿಯ ಮಾತು ಅವನ ಕಿವಿಗೆ ಹಾಕಿದ್ದು ನಾನೇ. ಹಿರಿಯರು ನನ್ನತ್ತ ತಿರುಗಿದರು: "ಡಬ್ಬಿ ಇತ್ತಾ?"

"ಇತ್ತು" ಎಂದೆ.

ಒಂದೇ ಮಾತು, ಸುಳ್ಳೂ ಅಲ್ಲ. ನೀನು ನನ್ನ ಮುಖವನ್ನೇ ನೋಡುತ್ತಾ ಎರಡನೆಯ ಮಾತಿಗೆ ಕಾದೆ. ಸಂತೆಯಲ್ಲಿ ಇಡೀ ದಿನ ಬಾಯಿ ಮುಚ್ಚದವಳು ಅಂದು ಮುಚ್ಚಿದೆ. ನೀನು ಆ ದೊಡ್ಡ ಹೊಟ್ಟೆ ಹೊತ್ತು ತಾಯಿಯ ಊರಿಗೆ ನಡೆದೆ. ಹೆಣ್ಣು ಮಗುವಂತೆ, ಗಡಿಗೆಯವಳಿಂದ ತಿಳಿಯಿತು.

ಹೋದ ತಿಂಗಳು ನನ್ನ ಮಗಳು ಅವಿನೊ ಬಂದಳು. ಅವಳೂ ಈಗ ಬಸುರಿ. ಅಂಗಡಿಯಲ್ಲಿ ನಿಂತು ಆ ಮೊಲವನ್ನು ತಿರುವಿ ನೋಡಿ, "ಅಮ್ಮಾ, ಇದರ ಹತ್ತಿ ಒಂಚೂರು ತಗೊಳ್ಲಾ?" ಎಂದಳು. ಯಾಕೆಂದು ನಾನು ಕೇಳಲಿಲ್ಲ. ಮೂಟೆಯ ಮೇಲೆ ಕೂತೆ.

ಆ ವಾರವೇ ಹಿರಿಯರನ್ನು ಅದೇ ಮರದ ಕೆಳಗೆ ಕರೆಸಿ ಎರಡನೆಯ ಮಾತು ಹೇಳಿದೆ. ಡಬ್ಬಿ ಎಂಥದ್ದೆಂದು, ಕಿತ್ತುಕೊಂಡವಳು ಯಾರೆಂದು, ನೀಲಿ ದಾರದ ಗುಂಡಿಯನ್ನೂ. ಒಬ್ಬ ಮುದುಕ, "ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಮಾತನ್ನ?" ಎಂದ. "ಹೊಟ್ಟೇಲಿ. ನೀವ್ಯಾರೂ ಅಲ್ಲಿ ಹುಡುಕಲಿಲ್ಲ" ಎಂದೆ. ಒಮೊಲೊ ಎದ್ದು ಹೋದ. ದ್ವೀಪದಿಂದ ಈಗಲೂ ಮೀನು ಬರುತ್ತದೆ, ಅವನು ಬರುವುದಿಲ್ಲ.

ಇದರಿಂದ ನಿನ್ನ ರಕ್ತ ಮೊದಲಿನ ಹಾಗಾಗುವುದಿಲ್ಲ. ಗೊತ್ತು. ಮಗುವಿನ ಪರೀಕ್ಷೆ ಏನಾಯಿತೆಂದು ನರ್ಸಮ್ಮನನ್ನು ಕೇಳಿದೆ. "ಅದು ಅಕೆಯೊ ಹೇಳ್ಬೇಕಾದ ಮಾತಮ್ಮ" ಎಂದು ಬಾಗಿಲು ತೋರಿಸಿದರು. ನಿನ್ನನ್ನು ಕೇಳುವ ಮುಖ ನನಗಿಲ್ಲ. ನಿನ್ನ ಮಾತ್ರೆ ಒಂದು ದಿನವೂ ತಪ್ಪಿಸಬೇಡ, ಮಗುವಿನ ಔಷಧಿಯನ್ನೂ. ಈ ಬಾರಿ ಯಾವ ದೊಡ್ಡವರ ಮಾತಿಗೂ ಬಿಡಬೇಡ.

ಅವಿನೊಗೆ ನಾನು ಹತ್ತಿ ಕೊಡಲಿಲ್ಲ. ಅವಳ ಡಬ್ಬಿ ಚೀಲದಲ್ಲಿ ಗಲಗಲ ಅನ್ನುತ್ತಿರಲು ಸಂತೆಯ ನಡುವೆ ಅವಳ ಪಕ್ಕದಲ್ಲೇ ನಡೆದೆ. ಜನ ತಿರುಗಿ ನೋಡಿದರು. ನಿನ್ನ ಪಕ್ಕದಲ್ಲಿ ಹೀಗೆ ಒಂದು ದಿನ ನಡೆದಿದ್ದರೆ ಸಾಕಾಗಿತ್ತು.

ಪತ್ರದ ಜೊತೆಗಿನ ಗಂಟಿನಲ್ಲಿ ಎರಡು ಅಂಗಿಗಳಿವೆ, ಮೊಣಕೈ ಸವೆಯದವು. ಮೊಲವೂ ಇದೆ. ಅದರ ಹೊಟ್ಟೆಗೆ ಮತ್ತೆ ಹತ್ತಿ ತುಂಬಿ ಹೊಲಿದಿದ್ದೇನೆ. ಬೇಡವೆನಿಸಿದರೆ ಗಡಿಗೆಯವಳ ಕೈಲೇ ವಾಪಸ್ಸು ಕಳಿಸು, ಯಾಕೆಂದು ನಾನು ಕೇಳುವುದಿಲ್ಲ.

ನಿನ್ನ ಮಗಳಿಗೆ ಬೇಗ ಮಾತು ಬರಲಿ. ನನ್ನ ಹಾಗೆ ಅರ್ಧ ಮಾತಲ್ಲ, ಪೂರಾ ಮಾತು.

ನಿನಗೆ ಆಗದೇ ಹೋದ ಅತ್ತೆ,
ಅಪೊಂಡಿ