ಬೀಗವಿಲ್ಲದ ನಗರ

ಕನ್ಯಾಮಠ, ಪಾದುವಾ
ಮಾರ್ಚ್ 9, 1574

ಪ್ರೀತಿಯ ಅಣ್ಣ ಲತ್ತಾಂತ್ಸಿಯೊಗೆ,

ಆದರ್ಶ ನಗರವೊಂದನ್ನು ಕಲ್ಪಿಸಿ ನೀನು ಬರೆದ ಪುಸ್ತಕದ ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಕೊಡು ಎಂದಿದ್ದೆಯಲ್ಲ, ಆರನೇ ಅಧ್ಯಾಯದವರೆಗೆ ಮುಗಿಸಿದ್ದೇನೆ. ಮುಂದಕ್ಕೆ ಕೈ ಓಡುತ್ತಿಲ್ಲ. ಚಳಿಗೆ ಬೆರಳು ಬಿರಿದಿದೆ ಎಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳಲೇ? ಹೇಸಿಗೆಯಾಗುತ್ತಿದೆ.

ನಿನ್ನ ನಗರದಲ್ಲಿ ಯಾವ ಮನೆಗೂ ಬೀಗವಿಲ್ಲ. ಹಂದಿಗಳಿಗೂ ಗಾಳಿ ಬೆಳಕು ಆಡುವ ಗೂಡು. ಯಾವ ಹೆಣ್ಣನ್ನೂ ಅವಳ ಮನಸ್ಸಿಗೆ ವಿರುದ್ಧವಾಗಿ ಮದುವೆಗಾಗಲಿ ಮಠಕ್ಕಾಗಲಿ ನೂಕುವಂತಿಲ್ಲ. ಹೀಗೆಂದು ಬರೆದ ಹಾಳೆಗಳು ಬಂದ ಗಾಡಿಯಲ್ಲೇ ನಿನ್ನ ಕಿರಿಯ ಮಗಳು, ಹದಿನಾಲ್ಕರ ದಿಯಾನೊರಾ, ಸನ್ಯಾಸಿನಿಯಾಗಲು ಬಂದಿಳಿದಳು. ಹಿರಿಯವಳನ್ನು ವರದಕ್ಷಿಣೆ ಸುರಿದು ದೊಡ್ಡ ಮನೆಗೆ ಕೊಟ್ಟ ಮೇಲೆ ಕಿರಿಯವಳಿಗೆ ಮಠವೇ ಗತಿ ಎಂಬುದು ನಮ್ಮಂಥವರ ಮನೆಗಳ ರೂಢಿ, ಗೊತ್ತು. ಅಪ್ಪ ನನಗೆ ಮಾಡಿದ್ದೂ ಅದನ್ನೇ. ಆದರೆ ಅಪ್ಪ ಪುಸ್ತಕ ಬರೆಯಲಿಲ್ಲ.

ಅವಳನ್ನು ಬಿಡಲು ಬಂದ ದಿನ ಮಠದ ಭೇಟಿಕೋಣೆಯ ಜಾಲರಿಯ ಆಚೆ ನಿಂತು ನೀನು, "ಅವ್ಳು ಇಲ್ಲಿ ಆರಾಮಾಗಿರ್ತಾಳೆ ಕಣೇ, ನೀನಿಲ್ವಾ?" ಅಂದೆ. ಆಮೇಲೆ ಹಾಳೆಯ ಅಂಚು ಎಷ್ಟು ಅಗಲ ಬಿಡಬೇಕೆಂದು ಅರ್ಧ ಗಂಟೆ ಕೊರೆದೆ. ನಿನ್ನ ಮುಖ ನೋಡಲಾರದೆ ನಾನು ನೆಲ ನೋಡುತ್ತಿದ್ದೆ.

ಹುಡುಗಿ ನನ್ನ ಪಕ್ಕದಲ್ಲಿ ಕೂತು ಎಲ್ಲವನ್ನೂ ಓದಿದಳು. "ಅತ್ತೆ, ಅಪ್ಪನ ಈ ಊರು ಎಲ್ಲಿದೆ? ನನ್ನ ಅಲ್ಲಿಗೇ ಕಳಿಸ್ಬೋದಿತ್ತಲ್ಲ?" ಎಂದು ಕೇಳಿದಳು. ತಟ್ಟೆಯಲ್ಲಿದ್ದ ಉಪವಾಸದ ಸಪ್ಪೆ ಕಾಳನ್ನು ಅವಳತ್ತ ಸರಿಸಿದೆ.

ನಾಳೆ ಬಿಷಪ್ಪರ ಪ್ರತಿನಿಧಿ ಬರುತ್ತಾರೆ. ಈಗಿನ ಹೊಸ ಕಟ್ಟಳೆಯಂತೆ, ದೀಕ್ಷೆಗೆಂದು ಕೂದಲು ಕತ್ತರಿಸುವ ಮೊದಲು ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಮನಸಾರೆ ಬಂದೆಯಾ ಎಂದು ಕೇಳುತ್ತಾರೆ. ಹೂಂ ಎನ್ನುವಂತೆ ಹೇಳಿಕೊಡು ಎಂಬ ನಿನ್ನ ಚೀಟಿ ತಲುಪಿತು. ಹೇಳಿಕೊಡಬೇಕಾದ್ದನ್ನು ಹೇಳಿಕೊಟ್ಟಿದ್ದೇನೆ, ಚಿಂತೆ ಬೇಡ.

ಇಂತಿ,
ಇಲ್ಲಿಯವರು ಸೋದರಿ ಸೆರಾಫೀನಾ ಎನ್ನುವ ನಿನ್ನ ತಂಗಿ,
ಮಾರ್ಸಿಲಿಯಾ

ತಾ.ಕ.: ಕಾಗದ ಕಳಿಸುವುದನ್ನು ಬೇಕೆಂದೇ ಒಂದು ದಿನ ತಡೆದೆ. ಪ್ರತಿನಿಧಿ ಬಂದು ಹೋದರು. ದಿಯಾನೊರಾ ಒಲ್ಲೆ ಎಂದಳು. ಮತ್ತೆ ಕೇಳಿದ್ದಕ್ಕೂ ಒಲ್ಲೆ ಎಂದಳಂತೆ. ಆ ಒಂದು ಮಾತನ್ನು ಅಳದೆ ಹೇಳುವುದನ್ನು ನಾಲ್ಕು ದಿನ ಕೂರಿಸಿಕೊಂಡು ಕಲಿಸಿದವಳು ನಾನೇ. ಶನಿವಾರದೊಳಗೆ ಬಂದು ಮಗಳನ್ನು ಕರೆದುಕೊಂಡು ಹೋಗು. ನನ್ನ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ ಅಣ್ಣಾ. ಕೇಳಿದ್ದರೆ ನಾನೂ ಒಲ್ಲೆ ಎನ್ನುತ್ತಿದ್ದೆ.