ಸೋಬಾನೆಯಲ್ಲಿ ಬಂದ ಹೆಸರು

ಕಗ್ಗದಾಸಪುರ

ಸಂಹಿತಾ ಮಗಳಿಗೆ ಆಂಜನಮ್ಮನ ಆಶೀರ್ವಾದ.

ಬೆಳಗಿನ ಜಾವ ಒಂದು ಕನಸು ಬಿತ್ತಮ್ಮ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಮುನೀಂದ್ರ ಎಂದಿನಂತೆ ಕೆರೆಗೆ ಕೊಳವೆ ಇಳಿಸಿ ಹೂಳು ಎಳೆಯುತ್ತಿದ್ದ. ಹೂಳಿನ ಬದಲು ಅರಿಶಿನದ ನೀರು ಬಂತು, ಅದರ ಹಿಂದೆಯೇ ನನ್ನ ದನಿ. ಕೆರೆಯೆಲ್ಲ ನಿಧಾನವಾಗಿ ಹಳದಿಯಾಯಿತು.

ಅವನದು ಮಣ್ಣಿನ ಸಂಶೋಧನೆ, ನಿನ್ನದು ಹಾಡಿನದು. ಒಂದಕ್ಕೊಂದು ಸಂಬಂಧವಿಲ್ಲ ಅಂದುಕೊಂಡಿದ್ದೆ. ಆದರೆ ನೀನು ನಮ್ಮ ಮನೆಗೆ ಬಂದು ನನ್ನಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡ ಮದುವೆಯ ಸೋಬಾನೆಯದೇ ಈಗ ಚಿಂತೆ. ಹೆಣ್ಣು ಗಂಡಿನ ಹೆಸರು ಸೇರಿಸದೆ ಅದನ್ನು ಬರಿದೇ ಹಾಡಬಾರದು, ಅದು ನಮ್ಮಲ್ಲಿ ಶಾಸ್ತ್ರ. ಹೆಣ್ಣಿನ ಜಾಗಕ್ಕೆ ನನ್ನ ಮಗಳು ಭವ್ಯಳ ಹೆಸರು ಸೇರಿಸಿದೆ. ಗಂಡಿನ ಜಾಗ ಬಂದಾಗ ಎದುರಿಗೆ ಮೆಟ್ಟಿಲ ಮೇಲೆ ಮುನೀಂದ್ರ ಮಣ್ಣು ಜರಡಿ ಹಿಡಿಯುತ್ತಿದ್ದ. ಬಾಯಿಗೆ ಅವನ ಹೆಸರೇ ಬಂತೇನೋ, ನೆನಪಾಗುತ್ತಿಲ್ಲ.

ಭವ್ಯಳನ್ನು ಕೇಳಿದರೆ, "ಹಾಡಿದ್ದು ನೀನು, ನನ್ನನ್ನ ಕೇಳ್ತೀಯಲ್ಲಮ್ಮ" ಎಂದು ನಗುತ್ತಾಳೆ. ನಗುತ್ತಲೇ ಹೋಗಿ ಅವನ ಜರಡಿಯ ಇನ್ನೊಂದು ತುದಿ ಹಿಡಿಯುತ್ತಾಳೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಕಾಗದ.

ಭಾನುವಾರ ಅವಳನ್ನು ನೋಡಲು ಹೊಸಕೋಟೆಯಿಂದ ಗಂಡಿನ ಕಡೆಯವರು ಬರುತ್ತಾರೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಈ ಹಾಡು ಎಷ್ಟೋ ಕಾಲ ಉಳಿಯುತ್ತದೆ ಎಂದು ನೀನೇ ಅಂದಿದ್ದೆ. ಅಲ್ಲಿ ಒಬ್ಬನ ಹೆಸರಿರುವಾಗ ಇಲ್ಲಿ ಇನ್ನೊಬ್ಬನಿಗೆ ತಾಂಬೂಲ ಹೇಗೆ ಕೊಡಲಿ? ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ನನಗೆ ತಿಳಿಯದು. ಆ ಹಾಡು ಅಳಿಸು ಎಂದು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ, ಅವರಿಬ್ಬರೂ ಜರಡಿ ಹಿಡಿದು ನಿಲ್ಲುವುದು ಕಣ್ಣಿಗೆ ಬಂದು, ಅಳಿಸುವುದು ಬೇಡ ಅನ್ನಿಸಿತು.

ಹೊಸಕೋಟೆಯವರಿಗೆ ಬರಬೇಡಿ ಅನ್ನುವ ಮೊದಲು ನೀನು ಇನ್ನೊಂದು ಸಲ ಕೇಳಿ ಹೇಳು ತಾಯಿ. ಅಲ್ಲಿರುವುದು ಮುನೀಂದ್ರನ ಹೆಸರೇ ತಾನೇ?

ನಿನ್ನ ದಾರಿ ನೋಡುವ,
ಆಂಜನಮ್ಮ